ಹುಣ್ಣಿಮೆಯ ಎಣ್ಣೆ

ನಮ್ಮಪ್ಪ ಕೆಂಗಪ್ಪ, ಪುರಸಭೆಯ ದೀಪದಾಳು.
ಹೆಗಲ ಮೇಲೆ ಏಣಿ, ಕೈಯಲ್ಲಿ ಸೀಮೆಎಣ್ಣೆ ಡಬ್ಬ,
ಸೊಂಟದಲ್ಲಿ ಗಾಜು ಒರೆಸುವ ಚಿಂದಿ.
ಚಳ್ಳಕೆರೆಯ ನಲವತ್ತೊಂದು ಕಂಬಗಳಿಗೆ
ದಿನಾ ಸಂಜೆ ಅವನೇ ಸೂರ್ಯ ಅಂತ
ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆ.
ಹುಣ್ಣಿಮೆಯ ಆಜುಬಾಜು ಮಾತ್ರ ಅವನಿಗೆ ರಜೆ.
ಚಂದ್ರ ಇರುವಾಗ ಎಣ್ಣೆ ಸುಡಬಾರದು,
ಅದು ಹಳೇ ಕಾನೂನು.

ಆ ವರ್ಷ ಎರಡು ಎಣ್ಣೆ ಗಿರಣಿಯವರು ಕುರ್ಚಿಗೆ ಕಿತ್ತಾಡಿ,
ಏಳಕ್ಕೆ ಏಳು ನಿಂತು, ಹಗ್ಗ ಯಾರ ಕಡೆಗೂ ಸರಿಯದೆ,
ನಡುವೆ ಸಿಕ್ಕ ಪಾಲಾಕ್ಷಮ್ಮನನ್ನು ಕೂರಿಸಿದರು.
ಕಡ್ಲೆಕಾಯಿ ಸುಲಿಯುವ ಹೆಂಗಸರ ಮುಂದಾಳು,
ಉಗುರ ಸಂದಿಯಲ್ಲಿ ಕೆಂಪು ಸಿಪ್ಪೆಯ ಹೊಟ್ಟು.
"ಪಾಪದ ಹೆಂಗಸು, ಹೇಳಿದ ಕಡೆ ಸೈನ್ ಹಾಕ್ತಾಳೆ" ಅಂದರಂತೆ
ಎರಡೂ ಕಡೆಯವರು
ಒಂದೇ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ.

ಗೋಡೆಯ ಹಲಗೆಯಲ್ಲಿ "ಶ್ರೀ" ಎಂದು
ಮೊದಲೇ ಬರೆದಿಟ್ಟ ಸಾಲುಗಳು, ಮುಂದಿನ ಹತ್ತು ಅಧ್ಯಕ್ಷರವರೆಗೆ.
ಪೇಂಟರ್ ಇಮಾಮ್ ಸಾಬಿ ತಲೆ ಕೆರೆದುಕೊಂಡು
"ಮತಿ"ಯನ್ನು ಸಣ್ಣಗೆ ತುರುಕಿದ,
ರೈಲಿನಲ್ಲಿ ಜಾಗ ಕೇಳುವವರ ಹಾಗೆ.
ಬೆತ್ತದ ಕುರ್ಚಿ ಗಂಡಸರ ಭಾರಕ್ಕೆ ಕುಸಿದಿತ್ತು.
ಅದರ ಮೇಲೆ ಮರದ ಮಣೆ ಹಾಕಿ ಕೂತಳು.

ಮೊದಲು ಕೇಳಿದ್ದು ಎಣ್ಣೆಯ ಪುಸ್ತಕ.
ಓದಲು ಅಷ್ಟಾಗಿ ಬಾರದು; ಎಣಿಸಲು ಬರುತ್ತಿತ್ತು,
ಗಿರಣಿಯಲ್ಲಿ ಸೇರು ಸೇರಿಗೆ ಮೋಸ ಹಿಡಿದು ಕಲಿತ ಎಣಿಕೆ.
"ತಿಂಗಳಿಗೆ ಮೂವತ್ತು ರಾತ್ರಿ ಎಣ್ಣೆ ಕೊಟ್ಟೀವಿ ಅಂತೈತೆ.
ಕೆಂಗಪ್ಪಾ, ನೀನು ಏಣಿ ಹತ್ತೋದು ಎಷ್ಟು ರಾತ್ರಿ?"
ಅಪ್ಪನಿಗೆ ಬುತ್ತಿ ತಂದ ನಾನು ಬಾಗಿಲಲ್ಲಿದ್ದೆ.
ಆ ಮೂವತ್ತರ ಕೆಳಗೆ ಅವನದೇ ಹೆಬ್ಬೆಟ್ಟು,
ಪ್ರತಿ ತಿಂಗಳೂ, ನೇರಳೆ ಬಣ್ಣದ ಹುಳುವಿನಂತೆ.
ಗೋಡೆ ಗಡಿಯಾರ ಎರಡು ಸಲ ಕೆಮ್ಮಿತು.
"ಇಪ್ಪತ್ತೈದು, ಅಮ್ಮಾ" ಅಂದ.

ಉಳಿದ ಐದು ರಾತ್ರಿಯ ಎಣ್ಣೆ ಕುಡಿದ ಚಂದ್ರ ಯಾರು
ಅಂತ ಊರೆಲ್ಲ ಗುಸುಗುಸು. ಅವಳು ಹೆಸರು ಹೇಳಲಿಲ್ಲ.
ಆ ದುಡ್ಡಿಗೆ ಮಂಡಕ್ಕಿ, ಬೆಲ್ಲ, ಹುರಿದ ಕಡ್ಲೆಕಾಯಿ ತರಿಸಿ
ತಿಂಗಳಿಗೊಮ್ಮೆ ಪುರಸಭೆ ಅಂಗಳದಲ್ಲಿ ಊರನ್ನು ಕೂರಿಸಿದಳು,
ದೀಪವಿಲ್ಲದೆ, ಬೆಳುದಿಂಗಳಲ್ಲಿ.

ಕಾರಹುಣ್ಣಿಮೆಗೆ ಚರಂಡಿಯ ಲೆಕ್ಕ.
ನೂಲ ಹುಣ್ಣಿಮೆಗೆ ಸುಂಕದ ಕಟ್ಟೆಯ ಲೆಕ್ಕ.
ಸೀಗಿ ಹುಣ್ಣಿಮೆಗೆ ಸಂತೆ ಮೈದಾನ ಗುತ್ತಿಗೆ ಹಿಡಿದವನೇ
ಎದ್ದು ನಿಂತು ತನ್ನ ಬಾಕಿಯನ್ನು ತಾನೇ ಓದಿದ;
ಹೆಂಡತಿ ಮುಂದಿನ ಸಾಲಲ್ಲಿ ಕೂತು ಕೇಳುತ್ತಿದ್ದಳು.
ಗುಮಾಸ್ತ ಓದುವುದು, ಮಕ್ಕಳು ಮಂಡಕ್ಕಿ ಮುಕ್ಕುವುದು,
ಯಾರೋ ಕೋಲಾಟ ಶುರುಮಾಡಿದರೆ
"ಮೊದಲು ಬಾಕಿ, ಆಮ್ಯಾಲೆ ಕೋಲು" ಅನ್ನುವಳು.
ಲೆಕ್ಕ ಇಷ್ಟು ಚೆಂದದ ಹಬ್ಬ ಅಂತ
ನಮಗೆ ಯಾರೂ ಹೇಳಿರಲಿಲ್ಲ.

ಗಿರಣಿಯವರು ಕೊನೆಗೂ ರಾಜಿಯಾದರು.
ಅವಿಶ್ವಾಸ, ಹದಿನಾಲ್ಕಕ್ಕೆ ಒಂದು.
ಆ ಒಂದು ಕೈ ಅವಳದೇ.
ಹೊಸ್ತಿಲ ಹುಣ್ಣಿಮೆಗೆ ಇನ್ನೂ ಎರಡು ದಿನ ಇತ್ತು.
ಮಣೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು
ಗಿರಣಿಯ ದಾರಿ ಹಿಡಿದಳು.
ಕುರ್ಚಿಯ ಗುಳಿ ಹಾಗೇ ಇತ್ತು.

ಇನ್ನೊಂದು ಮಾತು. ಇಷ್ಟು ವರ್ಷ ಬಾಯಿಬಿಟ್ಟಿಲ್ಲ.
ಆ ಎಣ್ಣೆಯಲ್ಲಿ ಒಂದು ಬಾಟಲಿ ನಮ್ಮ ಮನೆಗೂ ಬರುತ್ತಿತ್ತು,
ಹೆಬ್ಬೆಟ್ಟಿನ ಬೆಲೆ. ಅದರ ಬುಡ್ಡಿಯ ಬೆಳಕಲ್ಲಿ
ಮಗ್ಗಿ ಕಲಿತೆ, ಒತ್ತಕ್ಷರ ಕಲಿತೆ,
ಮುಂದೆ ಅದೇ ಊರಲ್ಲಿ ಟೀಚರಮ್ಮನಾದೆ.
ಒಂದು ಹುಣ್ಣಿಮೆ, ಸಾಲಲ್ಲಿ ನನ್ನ ಸರದಿ ಬಂದಾಗ
ಉಡಿಗೆ ಕಡ್ಲೆಕಾಯಿ ಸುರಿಯುತ್ತಾ ಕೇಳಿದ್ದಳು:
"ಕೆಂಗಪ್ಪನ ಮಗಳಲ್ವಾ? ರಾತ್ರಿ ಓದ್ತೀಯಂತೆ."
"ಹ್ಞೂಂ."
"ಯಾವ ದೀಪದಾಗೆ?"
ನನ್ನ ಬಾಯಿ ತುಂಬ ಮಂಡಕ್ಕಿ. ನುಂಗಲಿಲ್ಲ, ಉಗಿಯಲಿಲ್ಲ.
ಸ್ವಲ್ಪ ಹೊತ್ತು ನನ್ನ ಮುಖ ನೋಡಿ
ಇನ್ನೊಂದು ಬೊಗಸೆ ಹಾಕಿದಳು.
"ಮುಂದಕ್ಕೆ ಹೋಗು" ಅಂದಳು,
"ಹಿಂದಿನವರು ಕಾಯ್ತಾ ಅವ್ರೆ."