ಮೂರನೇ ಚರಣ

ಮಂಗಳವಾರ ಹೊಸಬರ ದಿನ. ತಲೆಗೆ ಎರಡೇ ಹಾಡು.
ಚೀಟಿಯಲ್ಲಿ ಹೆಸರು ಬರೆದು ನನ್ನ ಕೈಗೆ ಕೊಡಬೇಕು.
ಮೈಕು, ತಂತಿ, ದೀಪದ ಗುಂಡಿ ಎಲ್ಲ ನನ್ನ ಸುಪರ್ದಿ,
ನ್ಯಾಶ್‌ವಿಲ್ಲಿನ ಟೈರಂಗಡಿ ಪಕ್ಕದ ಈ ಬಾರಿನಲ್ಲಿ
ಹತ್ತೊಂಬತ್ತು ವರ್ಷ.
ಗಂಟಲು ಸರಿಮಾಡಿಕೊಳ್ಳುವ ಸದ್ದಿನಲ್ಲೇ ಹೇಳಬಲ್ಲೆ
ಮುಂದಿನ ವಾರ ಯಾರು ಊರಿನ ಬಸ್ಸು ಹತ್ತುತ್ತಾರೆಂದು.

ಓಪಲ್ ರಟ್ಲೆಜ್ ವಿಷಯದಲ್ಲಿ ತಪ್ಪಿದೆ.

ಆರ್ಕನ್ಸಾ ಕಡೆಯ ಹುಡುಗಿ. ಗಿಟಾರಿನ ಹೊಟ್ಟೆ
ಬಿರುಕು ಬಿಟ್ಟಲ್ಲಿ ಹಳದಿಯಾದ ಟೇಪು.
ಹಗಲೆಲ್ಲ ಮೋಟೆಲಿನ ಹಾಸಿಗೆ ಬಟ್ಟೆ ಒಗೆದು
ಬೆರಳ ತುದಿ ನೆನೆದು ಮೆತ್ತಗಾಗಿ
ತಂತಿ ಒತ್ತಿದರೆ ಕೊಯ್ಯುತ್ತಿತ್ತು.
ಹಾಡಿಗೆ ಮುಂಚೆ ದೀಪದ ಬಿಸಿಗೆ
ಹತ್ತೂ ಬೆರಳು ಹಿಡಿದು ನಿಲ್ಲುವಳು,
ಚಳಿಗೆ ಒಲೆ ಮುಂದೆ ಕೂತವರ ಹಾಗೆ.

ಹಾಡು ತಾಯಿಯದು.
ರಾತ್ರಿಪಾಳಿ, ಕೋಳಿ ಕಾರ್ಖಾನೆ,
ನಿಮಿಷಕ್ಕೆ ಮೂವತ್ತೈದು ಕೋಳಿ, ಕೊಂಡಿಯಲ್ಲಿ ತಲೆಕೆಳಗು.
ಮೂರನೇ ಚರಣದಲ್ಲಿ ಬೆಳಗಿನ ಆರಕ್ಕೆ
ಅಮ್ಮ ಬಂದು ಮಗುವಿನ ಹಣೆ ಮುಟ್ಟುತ್ತಾಳೆ;
ಬ್ಲೀಚಿನ ವಾಸನೆಯ ಆ ಕೈಯೇ
ಮಗುವಿಗೆ ಬೆಳಗಾದ ಗುರುತು.

ಮೊದಲ ರಾತ್ರಿ ಕೇಳಿದವರು ಹನ್ನೊಂದು ಮಂದಿ.
ಅದರಲ್ಲಿ ನಾಲ್ವರು ತಮ್ಮ ಸರದಿ ಕಾಯುತ್ತಿದ್ದವರು,
ಅಂದರೆ ಕೇಳದವರು.
ನಾನು ಗುಂಡಿ ತಿರುವುವುದನ್ನೇ ಮರೆತೆ.

ಹೀಗೆ ಎರಡು ವರ್ಷದ ಮಂಗಳವಾರಗಳು.
ಕೊನೆಗೊಬ್ಬ ಬಂದ, ಹಾಡು ಕೊಳ್ಳುವ ಕಂಪನಿಯವನು,
ಕೆಸರನ್ನೇ ಕಾಣದ ಬೂಟು.
"ರಾಗ ಚಿನ್ನ. ಮಾತೂ ಚಿನ್ನ. ಆದರೆ ಕೋಳಿ?
ಕಾರಿನಲ್ಲಿ ಹೋಗುತ್ತಾ ಯಾರಿಗೆ ಬೇಕು ಕೋಳಿ?
ಅಲ್ಲೊಂದು ನದಿ ಹಾಕು.
ಅಮ್ಮ ನದೀತೀರದಿಂದ ಬರಲಿ. ಕೈ ಒದ್ದೆಯಿರಲಿ."
ಓಪಲ್ ಕಾಗದದ ಲೋಟದ ಅಂಚನ್ನು
ಸುತ್ತಲೂ ಕಚ್ಚಿ ಕಚ್ಚಿ ಹೂ ಮಾಡಿದಳು.
"ನಮ್ಮೂರಲ್ಲಿ ನದಿ ಇಲ್ಲ," ಅಂದಳು,
"ಮೋರಿ ಇದೆ."
ಆತ ನಕ್ಕ. ಅವಳು ನಗಲಿಲ್ಲ.
ಎರಡು ತಿಂಗಳ ಬಾಡಿಗೆ ಬಾಕಿಯಿತ್ತು.
ನದಿ ಹಾಕಿದಳು.

ನನಗೆ ಸಿಟ್ಟು ಬಂತು, ಸುಳ್ಳೇಕೆ.
ಸಿಟ್ಟಾಗುವುದು ಸಲೀಸು, ಬಾಡಿಗೆ ಬೇರೆಯವರದಾದರೆ.

ಹಾಡಿದ್ದು ಇನ್ನೊಬ್ಬಳು, ಬೆಣ್ಣೆಯಂಥ ಗಂಟಲಿನವಳು.
ಆಗಸ್ಟಿನ ಒಂದು ಬೆಳಗ್ಗೆ, ಹಳೇ ಸ್ಪೀಕರು ತರಲು
ನಾನೂ ಓಪಲ್ಲೂ ವ್ಯಾನಿನಲ್ಲಿ ಹೊರಟವರು
ಪೆಟ್ರೋಲ್ ಬಂಕಿನಲ್ಲಿ ನಿಂತಾಗ
ಛಾವಣಿಯಿಂದ ಇಳಿಯಿತು ಅವಳದೇ ಹಾಡು.
ಗಲ್ಲಾದ ಹುಡುಗ ಚಿಲ್ಲರೆ ಎಣಿಸುತ್ತಾ
ನದಿಯ ಸಾಲಿಗೆ ತಾನೂ ದನಿಗೂಡಿಸಿದ.
ಓಪಲ್ ಬಾಯಿ ತೆರೆದಳು,
"ಅದು ನಂದು" ಅನ್ನಲಿಕ್ಕೋ
"ಅಲ್ಲಿ ನದಿ ಇಲ್ಲ" ಅನ್ನಲಿಕ್ಕೋ.
ಒಂದು ಪೊಟ್ಟಣ ಕಡಲೆಬೀಜ ಕೇಳಿದಳು.

ವ್ಯಾನಿನಲ್ಲಿ ಕೂತು ಊರಿಗೆ ಫೋನು.
"ಕೇಳಿದೆ ಕಣೇ," ಆ ಕಡೆಯ ದನಿ, ಪಾಳಿ ಮುಗಿಸಿ ಸೊರಗಿದ್ದು,
"ಊಟದ ಕೋಣೆಯ ರೇಡಿಯೋದಲ್ಲಿ. ಯಾರೋ
ಸೂಪು ಬಿಸಿಗಿಟ್ಟಿದ್ರು, ಆ ಗುಂಯ್‌ಗೆ ಅರ್ಧ ಕೇಳಿಸಲೇ ಇಲ್ಲ.
ನದಿ ಮಾತ್ರ ಕೇಳಿಸ್ತು."
"ಅಮ್ಮಾ, ಅದು ಅವರು..."
"ಇರಲಿ ಬಿಡು. ಮೂರು ನಿಮಿಷ
ನದಿ ಪಕ್ಕ ಕೂತಿದ್ದೆ. ಕಾಲು ಇಳಿಬಿಟ್ಟುಕೊಂಡು."

ಆಮೇಲೆ ಬಹಳ ಹೊತ್ತು
ಕಡಲೆ ಸಿಪ್ಪೆಯ ಸದ್ದು ಬಿಟ್ಟರೆ ಬೇರೆ ಇಲ್ಲ.

ಮಂಗಳವಾರ ಮತ್ತೆ ಚೀಟಿ ತಂದಳು.
"ತಲೆಗೆ ಎರಡೇ," ಅಂದೆ, "ರೇಡಿಯೋದವರಿಗೂ."
"ಗೊತ್ತು," ಅಂದಳು, ಬೆರಳು ಕಾಯಿಸುತ್ತಾ.
ಎರಡನೆಯದರ ನಡುವೆ ತಂತಿಯೊಂದು ಹರಿಯಿತು,
ಉಳಿದ ಐದರಲ್ಲೇ ಮುಗಿಸಿದಳು.
ಹೊಸ ಹಾಡು. ಮೋರಿಯದು.
ಜೋರು ಮಳೆ ಹೊಡೆದರೆ
ಎರಡು ದಿನ ಅದು ನದಿಯಾಗುತ್ತದಂತೆ.