ಕಪ್ಪು ಮನೆ ಅಂಟಿಕೊಂಡ ಸಂಜೆ

ಮೊದಲೇ ಹೇಳಿಬಿಡುತ್ತೇನೆ, ನಾನು ನುಡಿಸುವವನಲ್ಲ.
ರೀಗಾ ಪಟ್ಟಣದಲ್ಲಿ ನಲವತ್ತೊಂದು ವರ್ಷ
ಪಿಯಾನೋಗಳ ಹೊಟ್ಟೆ ತೆರೆದು ಶ್ರುತಿ ಕೂರಿಸಿದವನು.
ಕಿವಿಗೆ ಸಂಬಳ, ಬೆರಳಿಗೆ ತುಕ್ಕು.

ಈ ಕಸುಬಿನ ಗುಟ್ಟು ಇಷ್ಟೇ:
ಹನ್ನೆರಡು ಸ್ವರವೂ ಪೂರಾ ನಿಜ ನುಡಿದರೆ
ಒಂದೇ ಪೆಟ್ಟಿಗೆಯಲ್ಲಿ ಬಾಳಲಾರವು.
ಒಂದೊಂದಕ್ಕೂ ಸಾಸಿವೆಯಷ್ಟು ಸುಳ್ಳು ಹಂಚಬೇಕು
ಯಾರಿಗೂ ಗೊತ್ತಾಗದ ಹಾಗೆ.

ವೆಲ್ಟಾಗೆ ಗೊತ್ತಾಗುತ್ತಿತ್ತು.

ಮೀನುಡಬ್ಬಿ ಕಾರ್ಖಾನೆಯ ಕೂಲಿಯ ಮಗಳು ವೆಲ್ಟಾ ಸಾಲ್ನಾಯಾ.
ಹಗಲು, ಸಂಗೀತಶಾಲೆಯಲ್ಲಿ ಫ್ಯೂಗ್:
ಒಂದು ದನಿ ನಡೆದ ಹೆಜ್ಜೆಯಲ್ಲೇ ಇನ್ನೊಂದು,
ಅದರ ಬೆನ್ನಿಗೆ ಮತ್ತೊಂದು, ಇಸ್ತ್ರಿ ಹಾಕಿದ ಸಾಲು.
ಇರುಳು, ಬಂದರಿನ ಹಿಂದಿನ ಓಣಿಯಲ್ಲಿ,
ಆಸ್ಪತ್ರೆಯ ಹಳೇ ಎಕ್ಸ್‌ರೇ ಹಾಳೆಗಳ ಮೇಲೆ
ಕದ್ದು ಕೊರೆದ ಜಾಝ್.
ಯಾರದೋ ಮುರಿದ ಪಕ್ಕೆಲುಬು ಗಿರಗಿರ ತಿರುಗಿ
ಕಹಳೆಯಾಗಿ ಕೂಗುತ್ತಿತ್ತು;
ಕಂಬಳಿಯೊಳಗೆ ಅವಳ ಬೆರಳು ಮಂಡಿಯ ಮೇಲೆ ಓಡುತ್ತಿತ್ತು.

ಪರೀಕ್ಷೆಯ ದಿನ ಹಗಲು ಇರುಳು ಕಲಸಿಹೋದವು.
ಫ್ಯೂಗಿನ ಮೂರನೆಯ ದನಿ ಬರಬೇಕಾದಲ್ಲಿ ಬರಲಿಲ್ಲ.
ಅರ್ಧ ಉಸಿರು ತಡೆದು, ಸೊಂಟ ತಿರುಗಿಸಿ ಬಂತು.
ಪ್ರೊಫೆಸರ್ ಗ್ರೀನ್‌ಬೆರ್ಗ್ಸ್ ಎದ್ದು ಬಂದು ಮುಚ್ಚಳ ಹಾಕಿದರು,
ಬೆರಳು ಉಳಿದದ್ದು ಕೂದಲೆಳೆಯಲ್ಲಿ.
"ಇಗರ್ಜಿಯೊಳಗೆ ಸಿಳ್ಳೆ ಹೊಡೆದೆ ನೀನು."

ಆಮೇಲೆ ಆರು ಬೇಸಿಗೆ ಯೂರ್ಮಲಾದ ಕಡಲ ಹೋಟೆಲು.
ಉಪ್ಪುಗಾಳಿಗೂ ತಂತಿಗೂ ದಿನಾ ಜಗಳ, ಪಂಚಾಯಿತಿಗೆ ನಾನು.
ಸೂಪಿನ ಚಮಚಗಳ ಸದ್ದನ್ನೂ ಅವಳು ತಾಳಕ್ಕೆ ಸೇರಿಸಿಕೊಂಡಳು.

ಮೂವತ್ತಮೂರಕ್ಕೆ ಬರೆದಳು ದೊಡ್ಡದನ್ನು:
ಒಂದು ಪಿಯಾನೋ, ಅರವತ್ತು ಮಂದಿಯ ವಾದ್ಯವೃಂದ,
ನಡುವೆ ಮೂವತ್ತೆರಡು ಆವರ್ತ ಬರೀ ಖಾಲಿ.
ಸಮಿತಿ ಕೇಳಿತು, "ಇಲ್ಲೇನಿದೆ?"
"ಆ ಸಂಜೆ ಗೊತ್ತಾಗುತ್ತದೆ."
"ಖಾಲಿಗೆ ಮೊಹರು ಒತ್ತಲಾಗದು, ಕಾಮ್ರೇಡ್."
ಬರೆದುಕೊಟ್ಟಳು. ಮೊಹರು ಬಿತ್ತು.
ನುಡಿಸಿದ್ದು ಬೇರೆ.

ಅದು ನವೆಂಬರ್. ದೌಗವಾ ನದಿಯ ಥಂಡಿ
ಟಿಕೆಟಿಲ್ಲದೆ ಸಭಾಂಗಣಕ್ಕೆ ನುಗ್ಗಿತ್ತು.
ನಡುವಿನ ಕಪ್ಪು ಮನೆಯೊಂದು ಬಿಗಿಯುತ್ತಿದ್ದುದನ್ನು
ಮಧ್ಯಾಹ್ನವೇ ನೋಡಿದ್ದೆ. ದೀಪದ ಶಾಖಕ್ಕೆ ಸರಿಹೋದೀತು ಅಂದುಕೊಂಡೆ.
ಖಾಲಿಯ ಐದನೇ ಆವರ್ತದಲ್ಲಿ ಅವಳ ಬೆರಳು ಅಲ್ಲಿಗಿಳಿಯಿತು:
ಟಕ್.
ಬರೀ ಮರದ ಸದ್ದು.
ಪರದೆಯ ಹಿಂದೆ ನನ್ನ ಜೀವ ಬಾಯಿಗೆ ಬಂತು.
ಅವಳು ಅದನ್ನೇ ಇನ್ನೊಮ್ಮೆ ಬಡಿದಳು, ಬೇಕೆಂದೇ:
ಟಕ್.
ಆಮೇಲೆ ಲಂಗ ಎತ್ತಿ ಕೆಸರು ಬಳಸುವವಳ ಹಾಗೆ
ಆ ಗುಂಡಿಯ ಸುತ್ತಲೇ ನಡೆದು, ನಡೆದು, ಕುಣಿದು,
ಇಪ್ಪತ್ತೇಳು ಆವರ್ತ ಅದನ್ನು ಮುಟ್ಟದೆ ಕಟ್ಟಿದಳು.
ಇಲ್ಲದ ಸ್ವರವೇ ಮನೆಗೆ ಹೋದಮೇಲೂ ಕೇಳುತ್ತಿತ್ತು.

ಮರುದಿನ ಒಂದು ಡಬ್ಬಿ ಹೊಗೆಮೀನು ಬಂತು ನನಗೆ,
ಚೀಟಿಯಿಲ್ಲದೆ.

ವಾರ್ಸಾ, ಕೋಪನ್‌ಹೇಗನ್, ಕಾಲ ತಿರುಗಿದಮೇಲೆ ಷಿಕಾಗೋ.
ಶಾಸ್ತ್ರದವರು ಅಂದರು, ಜಾರುತ್ತಾಳೆ.
ಜಾಝ್‌ನವರು ಅಂದರು, ತಲೆ ಬಾಚಿಕೊಂಡು ಬಂದಿದ್ದಾಳೆ.
ಪತ್ರಿಕೆಯ ತುಣುಕುಗಳನ್ನು ಕೋಟಿನ ಜೇಬಿಂದ ಸುರಿದು ನಗುತ್ತಿದ್ದಳು:
"ಸೇತುವೆಯಂತೆ ನಾನು, ಆರ್ವಿದ್ಸ್! ಸೇತುವೆ!
ಸೇತುವೆಯ ಮೇಲೆ ಯಾರಾದರೂ ಸಂಸಾರ ಹೂಡುತ್ತಾರಾ?
ಎಷ್ಟು ಗಾಳಿ ಅಲ್ಲಿ, ಗೊತ್ತಾ?"

ಹೋಗಿ ಮೂರು ಚಳಿಗಾಲವಾಯಿತು.
ಈಗ ಅವಳು ಪಠ್ಯ. ಆ ಸಂಜೆಯ ರೇಡಿಯೋ ಧ್ವನಿಮುದ್ರಿಕೆಯನ್ನು
ಯಾರೋ ಪಂಡಿತರು ಕೂತು ಸ್ವರಸ್ವರ ಬಿಡಿಸಿ
ಮೂವತ್ತೆರಡು ಖಾಲಿಯನ್ನೂ ತುಂಬಿಸಿ ಅಚ್ಚು ಹಾಕಿದ್ದಾರೆ.
ಈ ಮೇ ತಿಂಗಳು, ಅದೇ ಶಾಲೆ, ಅದೇ ಮುಚ್ಚಳ,
ಹದಿನಾಲ್ಕು ಮಕ್ಕಳು ಒಬ್ಬರಾದಮೇಲೊಬ್ಬರು
ನಾನೇ ಎಣ್ಣೆ ಕಾಣಿಸಿದ, ಬೆಣ್ಣೆಯಂತಿಳಿಯುವ ಮನೆಯನ್ನು ಬಿಟ್ಟು
ಪಕ್ಕದ ಮರಕ್ಕೆ ಉಗುರಿನಿಂದ ಬಡಿದರು, ಪುಸ್ತಕದಲ್ಲಿದ್ದ ಹಾಗೆ:
ಟಕ್. ಟಕ್.
ನನ್ನ ಸೋಮಾರಿತನ ಹದಿನಾಲ್ಕು ಸಲ, ಅಚ್ಚುಕಟ್ಟಾಗಿ.

ಒಬ್ಬಳ ಎರಡನೇ ಟಕ್ ತುಸು ತಡವಾಯಿತು.
ಪರೀಕ್ಷಕರ ಪೆನ್ನು ಬಗ್ಗಿತು, ಅರ್ಧ ಅಂಕ ಹೋಯಿತು.
ಶ್ರುತಿಯ ಕೀಲಿ ಜೇಬಿಗೆ ಸೇರಿಸಿ
ಆ ಹುಡುಗಿಗೆ ಹೇಳೋಣವೆಂದು ಮೆಟ್ಟಿಲಿಳಿದು ಹೊರಗೆ ಬಂದೆ.

ಟ್ರಾಮ್ ಹೋಗಿಬಿಟ್ಟಿತ್ತು.