ಒಂಬತ್ತನೇ ಮನೆಯ ದೀಪ

ಪೊನ್ನಂಪೇಟೆ ದಾಟಿ, ಕಾಫಿ ಕಣದ ಮಗ್ಗುಲಲ್ಲಿ
ಹನ್ನೊಂದು ಮನೆ, ಒಂದು ಒಲೆ, ಒಂದು ಪ್ರಾರ್ಥನೆ.
ಯಾವ ಬಾಗಿಲಿಗೂ ಬೀಗವಿಲ್ಲ ನಮ್ಮಲ್ಲಿ,
ಬಂದವರಿಗೆಲ್ಲ ಮೊದಲು ಹೇಳುವ ಮಾತು ಅದು.
ಗೇಟಿನಲ್ಲಿ ಮಾತ್ರ ಒಂದು ಅರ್ಜಿ ನಮೂನೆ.
ಅದರ ಏಳನೇ ಕಲಮು ಬರೆದವಳು ನಾನೇ.

ಸುಳ್ಳಾಡಲಾರೆ, ಇಲ್ಲಿ ನಾನು ಬದುಕಿಕೊಂಡೆ.
ಇವರು ತೀರಿಕೊಂಡ ಮೇಲೆ ಎಷ್ಟೋ ದಿನ
ಯಾರಾದರೊಬ್ಬರು ನನ್ನ ತಟ್ಟೆಗೆ ಅನ್ನ ಹಾಕಿದರು,
ಯಾಕೆ ಉಣ್ಣಲಿಲ್ಲ ಎಂದು ಯಾರೂ ಕೇಳಲಿಲ್ಲ.
ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಬೆಂದರೆ
ಹನ್ನೊಂದು ಮನೆಯ ನಾಲಿಗೆಗೂ ಒಂದೇ ನೇರಳೆ.

ಒಂಬತ್ತನೇ ಮನೆ ಖಾಲಿಯಾದಾಗ ಮೈಮೂನಾ ಬಂದಳು.
ಗೋಣಿಕೊಪ್ಪದ ಲ್ಯಾಬಿನವಳು. ಇವರ ಕೊನೆಯ ರಾತ್ರಿ
ನರ ಸಿಗದೆ ಎಲ್ಲರೂ ಕೈಬಿಟ್ಟಾಗ
ಅಂಗೈ ಉಜ್ಜಿ, ಮಾತಾಡಿಸುತ್ತಲೇ ರಕ್ತ ತೆಗೆದವಳು.
ಜೊತೆಗೆ ಮಗ; ಶೂ ಕಳಚಿ ಹೊರಗೇ ನಿಂತ.
ಮೂರು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ, ಅಂದಳು,
ದೂರಿನಂತಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ.
"ನಿಮ್ಮ ಪ್ರಾರ್ಥನೆ ಹೊತ್ತಿಗೆ
ನಾನು ಅಕ್ಕಿ ತೊಳೆದಿಡ್ತೀನಿ."

ಸಭೆಯಲ್ಲಿ ಯಾರೂ ಕೆಟ್ಟದ್ದು ಆಡಲಿಲ್ಲ.
ಒಳ್ಳೆಯ ಹುಡುಗಿ, ಅಂದರು ದೇಚಮ್ಮ,
ಆದರೆ ನಂಬಿಕೆ ಒಂದಾದರೆ ತಾನೇ ಒಲೆ ಒಂದು?
ನಾನೂ ತಲೆಯಾಡಿಸಿದೆ. ಈಗಲೂ ಅದಕ್ಕೆ ಉತ್ತರ ಗೊತ್ತಿಲ್ಲ.
ವಕೀಲ ಅಚ್ಚಯ್ಯ ಕನ್ನಡಕ ಒರೆಸಿಕೊಂಡರು:
"ನಂಬಿಕೆ ಗಿಂಬಿಕೆ ಕಾಗದದಲ್ಲಿ ಬೇಡ.
ಮನೆ ಖಾಲಿ ಇಲ್ಲ ಅಂತ ಬರೀರಿ, ಸಾಕು."
ನನ್ನ ಅಕ್ಷರ ದುಂಡಗೆ. ನಾನೇ ಬರೆದೆ.

ಬರೆದದ್ದು ಸುಳ್ಳಾಗಬಾರದಲ್ಲ, ಅದಕ್ಕೇ
ದಿನಾ ಸಂಜೆ ಸರದಿಯಂತೆ ಒಬ್ಬರು ಹೋಗಿ
ಒಂಬತ್ತನೇ ಮನೆಯ ದೀಪ ಹಾಕಿ ಬರುತ್ತೇವೆ.
ಪರದೆ ಕಟ್ಟಿದ್ದೇವೆ. ಹೊಸಿಲಾಚೆ ಒಂದು ಜೊತೆ ಚಪ್ಪಲಿ.
ವಾರಕ್ಕೊಮ್ಮೆ ನೆಲ ಒರೆಸುವುದೂ ಉಂಟು,
ಇಲ್ಲದವರ ಮನೆ ಎಷ್ಟು ಚೊಕ್ಕಟ!
ಗೋಣಿಕೊಪ್ಪದ ಏಳೂವರೆ ಬಸ್ಸು
ಆ ಕಿಟಕಿಯ ಎದುರೇ ತಿರುವು ತೆಗೆದುಕೊಳ್ಳುತ್ತದೆ.
ಅವಳು ಎಡಕ್ಕೆ ಕೂರುತ್ತಾಳೋ, ಬಲಕ್ಕೋ.

ಗುರುವಾರ ನನ್ನ ಸರದಿ.
ನಿನ್ನೆ ಹೋದೆ. ದೂಡಿದೊಡನೆ ತೆರೆಯಿತು,
ಬೀಗವಿಲ್ಲವಲ್ಲ ನಮ್ಮಲ್ಲಿ.
ಬೆರಳು ಸ್ವಿಚ್ಚಿನ ಮೇಲಿತ್ತು. ಬಸ್ಸು ಏರು ಹತ್ತುವ ಸದ್ದು.
ಯಾಕೋ ಕೆಳಗೆ ಕೂತುಬಿಟ್ಟೆ. ನೆಲ ತಣ್ಣಗಿತ್ತು.
ಬಸ್ಸಿನ ಬೆಳಕು ಒಳಗೆ ಬಂದು
ನಾಲ್ಕೂ ಗೋಡೆ ಮುಟ್ಟಿ ನೋಡಿ ಹೊರಟುಹೋಯಿತು.

ಎಂಟನೇ ಮನೆಯಿಂದ ಕೂಗಿದರು:
"ಅಕ್ಕಾ, ಅಲ್ಲಿ ಕರೆಂಟ್ ಹೋಗಿದೆಯಾ?"

"ಇಲ್ಲ," ಅಂದೆ ಕತ್ತಲಿಂದ,
"ಕರೆಂಟ್ ಇದೆ."